ಕಿವಿಯ ಮಷೀನು ನಡೆದು ಬಂದ ದಾರಿ, ಮತ್ತು ನಮ್ಮ ಗಡಿ



ನಮ್ಮ ಕಡೆ ಔರಾದ ಎಂಬ ಹೆಸರಿನ ಊರು ಎರಡು. ಒಂದು ಬೀದರ ಜಿಲ್ಲೆಯ ಔರಾದ. ಇನ್ನೊಂದು ಲಾತೂರ ಜಿಲ್ಲೆ, ನಿಲಂಗಾ ತಾಲ್ಲೂಕಿನ ಔರಾದ ಶಹಾಜನಿ. ಇಂದು ಒಂದು ಕರ್ನಾಟಕದಲ್ಲಿದೆ, ಇನ್ನೊಂದು ಮಹಾರಾಷ್ಟ್ರದಲ್ಲಿದೆ. ಆದರೆ 1956ರ ನವೆಂಬರ್ 1ಕ್ಕೆ ಮುಂಚೆ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೇ ಸೇರಿದ್ದವು. ಭಾಷಾವಾರು ಪ್ರಾಂತ್ಯ ರಚನೆಯಾದಾಗ ಈ ಮೂರನ್ನೂ ಉಸ್ಮಾನಾಬಾದ್ ಜಿಲ್ಲೆಗೆ ಸೇರಿಸಿ ಮುಂಬಯಿ ರಾಜ್ಯಕ್ಕೆ ಕೊಟ್ಟರು. ಲಾತೂರ ಬೇರೆ ಜಿಲ್ಲೆಯಾದದ್ದು 1982ರಲ್ಲಿ.

ಗೆರೆ ಎಳೆದದ್ದು ನಕ್ಷೆಯ ಮೇಲೆ. ಮನೆಯ ಮಾತು ಗೆರೆಯ ಪ್ರಕಾರ ನಡೆಯಲಿಲ್ಲ. ಹೀಗಾಗಿ ಈ ಭಾಗದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ಹಿಂದಿ ಇಲ್ಲವೆ ದಖನಿ. ಐದು ವರ್ಷದ ಮಗು ಮೂರನ್ನೂ ಬೆರೆಸಿ ಆಡಿ ಗೆಲ್ಲುತ್ತದೆ. ಆದರೆ ಹುಟ್ಟಿನಿಂದಲೇ ಕಿವಿ ಕೇಳಿಸದ ಮಗುವಿಗೆ ಯಾವ ಭಾಷೆ? ತಾಯಿಯದೋ, ಗುರುಗಳದೋ? ಶ್ರವಣಯಂತ್ರದ ಚರಿತ್ರೆ ಓದುತ್ತ ಹೋದಂತೆ ನನಗೆ ಕಂಡದ್ದು ಇದು: ಎಲ್ಲ ಕಾಲದಲ್ಲೂ ಯಂತ್ರದ ಜೊತೆಗೇ ಈ ಪ್ರಶ್ನೆ ಬಂದಿದೆ. ಯಂತ್ರದ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು, ಭಾಷೆಯ ಪ್ರಶ್ನೆಗೆ ತಡವಾಗಿ ಸಿಕ್ಕಿತು.

ಹಳೆಯ ಕಾಲದಲ್ಲಿ ಕಿವುಡರನ್ನು ಕಲಿಯಲಾರದವರು ಎಂದೇ ಎಣಿಸುತ್ತಿದ್ದರು. ಮಾತಿಲ್ಲ ಎಂದರೆ ಬುದ್ಧಿಯೂ ಇಲ್ಲ ಎಂಬ ಲೆಕ್ಕ. ಯುರೋಪಿನಲ್ಲಿ ಅರಿಸ್ಟಾಟಲನ ಹೆಸರು ಹೇಳಿ ಹಾಗೆ ಅಂದರು. ವಿಶ್ವಾಸಕ್ಕೂ ಕೇಳುವಿಕೆಗೂ ಸಂತ ಪೌಲರು ಕಟ್ಟಿದ ನಂಟನ್ನು ಅಕ್ಷರಶಃ ಹಿಡಿದು, ಕೇಳಿಸದವನಿಗೆ ಧರ್ಮೋಪದೇಶವೇ ಆಗದು ಎಂದು ನಮ್ಮ ಧರ್ಮಸಭೆಯಲ್ಲೂ ಅಂದವರಿದ್ದರು. ಅಂಥವರು ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಗಮನವಿಟ್ಟು ಓದಿರಲಿಕ್ಕಿಲ್ಲ. ಅಲ್ಲಿ ಯೇಸು ಕಿವುಡನನ್ನು ಮೊದಲು ಗದ್ದಲದಿಂದ ಆಚೆ ಕರೆದೊಯ್ಯುತ್ತಾರೆ. ಬೆರಳಿನಿಂದ ಕಿವಿ ಮುಟ್ಟುತ್ತಾರೆ, ನಾಲಗೆ ಮುಟ್ಟುತ್ತಾರೆ, ಮೇಲೆ ನೋಡುತ್ತಾರೆ. ಇವೆಲ್ಲ ಕಿವುಡನೊಬ್ಬ ಕಣ್ಣಿನಿಂದ, ಚರ್ಮದಿಂದ ತಿಳಿಯಬಹುದಾದ ಸಂಗತಿಗಳು. ಎಫ್ಫಥಾ ಎಂಬ ಮಾತು ಬರುವುದು ಅದಾದ ಮೇಲೆ. ದೀಕ್ಷಾಸ್ನಾನದಲ್ಲಿ ಗುರುಗಳು ಮಗುವಿನ ಕಿವಿ, ಬಾಯಿ ಮುಟ್ಟಿ ಪ್ರಾರ್ಥಿಸುವ ವಿಧಿ ಇದರಿಂದಲೇ ಬಂದದ್ದು.

16ನೇ ಶತಮಾನದಲ್ಲಿ ಸ್ಪೇನ್ ದೇಶದ ಓನ್ಯಾ ಮಠದ ಬೆನೆಡಿಕ್ಟೈನ್ ಸನ್ಯಾಸಿ ಪೆದ್ರೊ ಪೊನ್ಸೆ ದೆ ಲಿಯೋನ್ ದೊಡ್ಡ ಮನೆತನಗಳ ಕಿವುಡ ಮಕ್ಕಳಿಗೆ ಓದು, ಬರಹ, ಮಾತು ಕಲಿಸಿದರು. ಮಠದ ಮೌನದ ವೇಳೆಯಲ್ಲಿ ಸನ್ಯಾಸಿಗಳು ಬಳಸುತ್ತಿದ್ದ ಕೈಸನ್ನೆಗಳು ಅವರಿಗೆ ನೆರವಾಗಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. ಆದರೆ ಬಡವರ ಮಕ್ಕಳಿಗೆ ಬಾಗಿಲು ತೆರೆದದ್ದು ಎರಡು ಶತಮಾನದ ಬಳಿಕ, ಪ್ಯಾರಿಸ್ಸಿನಲ್ಲಿ. ಅಲ್ಲಿ ಇಬ್ಬರು ಕಿವುಡ ಅಕ್ಕತಂಗಿಯರಿಗೆ ಒಬ್ಬ ಗುರುಗಳು ಚಿತ್ರ ತೋರಿಸಿ ಪಾಠ ಹೇಳುತ್ತಿದ್ದರು. ಅವರು ತೀರಿಕೊಂಡಾಗ ಆ ಕೆಲಸವನ್ನು ಆಬೆ ದೆ ಲೆಪೆ ಎಂಬ ಇನ್ನೊಬ್ಬ ಗುರುಗಳು ವಹಿಸಿಕೊಂಡರು. ಸಂಸ್ಕಾರಗಳಿಂದ ಈ ಹುಡುಗಿಯರು ದೂರ ಉಳಿಯಬಾರದು ಎಂಬುದು ಅವರ ಕಾಳಜಿ. 1760ರ ಸುಮಾರಿಗೆ ಅದು ಶಾಲೆಯಾಯಿತು. ಅವರ ಹೆಚ್ಚುಗಾರಿಕೆ ಎಲ್ಲಿದೆ ಎಂದರೆ, ಕಿವುಡರು ತಮ್ಮತಮ್ಮಲ್ಲಿ ಆಗಲೇ ಬಳಸುತ್ತಿದ್ದ ಸನ್ನೆಗಳನ್ನು ಅವರು ಮೊದಲು ತಾವು ಕಲಿತರು.

ಈ ಜ್ಞಾನ ಸುಲಭವಾಗಿ ಉಳಿಯಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಭೆ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬರೀ ಬಾಯಿಮಾತು ಸಾಕು ಎಂದು ತೀರ್ಮಾನಿಸಿತು. ನೆರೆದವರೆಲ್ಲ ಹೆಚ್ಚುಕಡಿಮೆ ಕೇಳಿಸುವವರೇ! ಈ ಒಂದು ನಿರ್ಣಯದಿಂದ ಎಷ್ಟೋ ದೇಶಗಳ ಮಕ್ಕಳು ಕೈ ಕಟ್ಟಿಕೊಂಡು ಕೂರಬೇಕಾಯಿತು. ಅದೇ ಪರಂಪರೆಯ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೂಡಿದಾಗ ಅದಕ್ಕಾಗಿ ವಿಷಾದ ವ್ಯಕ್ತಪಡಿಸಿತು. ನೂರಮೂವತ್ತು ವರ್ಷ ತಡವಾಗಿ.

ಭಾರತದಲ್ಲಿ ಕಿವುಡ ಮಕ್ಕಳ ಮೊದಲ ಶಾಲೆ ಎಂದು ಹೆಸರಾದದ್ದು ಮುಂಬಯಿಯದು. 1880ರ ದಶಕದ ಮಧ್ಯದಲ್ಲಿ ಅದನ್ನು ತೆರೆಸಿದವರು ಮುಂಬಯಿಯ ಬಿಷಪ್ ಲಿಯೋ ಮೊಯ್ರಿನ್, ಬರ್ಲಿನ್ನಿನಲ್ಲಿ ಹುಟ್ಟಿದ ಯೇಸುಸಭೆಯ ಗುರುಗಳು. 1893ರಲ್ಲಿ ಕಲ್ಕತ್ತೆಯ ಶಾಲೆ ಬಂತು. ಕನ್ನಡ ನಾಡಿಗೆ ಬಂದರೆ, 1901ರಲ್ಲಿ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭಿಸಿದರು. ನಿಜಾಮರ ಬೀದರದ ಹಳ್ಳಿಯ ಮಗುವಿಗೆ ಮುಂಬಯಿಯೂ ದೂರ, ಮೈಸೂರೂ ದೂರ.

ಇನ್ನು ಯಂತ್ರದ ಕಥೆ. ಮೊದಲ ಶ್ರವಣಯಂತ್ರ ಎಂದರೆ ಕಿವಿಯ ಹಿಂದೆ ಹಿಡಿದ ಅಂಗೈ. ಎರಡನೆಯದು ಕೊಂಬು. ದನದ ಕೊಂಬು, ಶಂಖ, ಆಮೇಲೆ ತಗಡಿನ ಕಹಳೆ. 1800ರ ಸುಮಾರಿಗೆ ಲಂಡನ್ನಿನ ಎಫ್. ಸಿ. ರೈನ್ ಕಂಪನಿ ಇದನ್ನೇ ವ್ಯಾಪಾರ ಮಾಡಿತು. ಪೋರ್ಚುಗಲ್ ದೊರೆ ಆರನೇ ಜಾನ್ ಅವರಿಗಾಗಿ ಆ ಕಂಪನಿ ಮಾಡಿಕೊಟ್ಟದ್ದು ಒಂದು ಸಿಂಹಾಸನ. ಆಗ ಗೋವಾ ಅವರದೇ ಆಳ್ವಿಕೆಯಲ್ಲಿತ್ತು. ಕುರ್ಚಿಯ ಕೈಗಳ ತುದಿಯಲ್ಲಿ ಬಾಯಿ ತೆರೆದ ಸಿಂಹಗಳು. ಪ್ರಜೆಗಳು ಮಂಡಿಯೂರಿ ಸಿಂಹದ ಬಾಯೊಳಗೆ ಅಹವಾಲು ಹೇಳಬೇಕು, ದನಿ ಒಳಗಿನ ಕೊಳವೆಯಿಂದ ದೊರೆಯ ಕಿವಿಗೆ ಹೋಗಬೇಕು. ದೊರೆ ಕಿವುಡನಾದರೆ ಊರೇ ಬಗ್ಗಿ ಮಾತಾಡುತ್ತದೆ. ಹಳ್ಳಿಯ ಅಜ್ಜಿ ಕಿವುಡಿಯಾದರೆ ಆಕೆಯನ್ನು ಮಾತಿನಿಂದ ಹೊರಗಿಟ್ಟು ಸುಮ್ಮನಾಗುತ್ತಾರೆ.

ಬೀಥೋವನ್ ಕೂಡ ಇಂಥ ಕಹಳೆಗಳನ್ನು ಹಿಡಿದವರೇ. 1802ರಲ್ಲಿ ತಮ್ಮಂದಿರಿಗೆಂದು ಬರೆದಿಟ್ಟ ಪತ್ರದಲ್ಲಿ ಅವರು ಕಿವಿ ಹೋಗುತ್ತಿರುವ ನೋವನ್ನು, ಅದನ್ನು ಜನರ ಮುಂದೆ ಹೇಳಲಾಗದ ನಾಚಿಕೆಯನ್ನು ತೋಡಿಕೊಂಡಿದ್ದಾರೆ. ಆ ನಾಚಿಕೆ ಇಂದಿಗೂ ಹೋಗಿಲ್ಲ. ಕನ್ನಡಕ ಹಾಕಲು ಯಾರೂ ನಾಚುವುದಿಲ್ಲ, ಕಿವಿಗೆ ಮಷೀನು ಹಾಕಲು ಮಾತ್ರ ಸೆರಗು ಎಳೆದುಕೊಳ್ಳುತ್ತಾರೆ.

ಕರೆಂಟು ಬಂದದ್ದು 19ನೇ ಶತಮಾನದ ಕೊನೆಗೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಗೆ ಕಿವಿ ಮಂದ, ಹೆಂಡತಿ ಪೂರ್ತಿ ಕಿವುಡಿ. ಟೆಲಿಫೋನು ಹುಟ್ಟಿದ್ದು ಅಂಥ ಮನೆಯಲ್ಲಿ. (ಆದರೂ ಸನ್ನೆಭಾಷೆಗೆ ದೊಡ್ಡ ವಿರೋಧಿಗಳಲ್ಲಿ ಬೆಲ್ ಒಬ್ಬರು. ಮನುಷ್ಯ ಹೀಗೂ ಇರುತ್ತಾನೆ.) ಟೆಲಿಫೋನಿನ ತತ್ವದಿಂದಲೇ 1898ರ ಹೊತ್ತಿಗೆ ಅಮೆರಿಕದ ಮಿಲ್ಲರ್ ರೀಸ್ ಹಚಿನ್‌ಸನ್ ವಿದ್ಯುತ್ ಶ್ರವಣಯಂತ್ರ ಮಾಡಿದರು. ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಅದನ್ನು ಬಳಸಿದರು. ಆಮೇಲೆ ವಾಲ್ವಿನ ಯಂತ್ರಗಳು ಬಂದವು. ಬ್ಯಾಟರಿ ಹೊರುವುದೇ ಒಂದು ಕೆಲಸ.

1947ರ ಡಿಸೆಂಬರಿನಲ್ಲಿ, ನಮ್ಮ ಹೈದರಾಬಾದ್ ಸಂಸ್ಥಾನ ಅತ್ತ ಸ್ವತಂತ್ರ ಭಾರತಕ್ಕೂ ಸೇರದೆ ರಜಾಕಾರರ ಕೈಯಲ್ಲಿ ನಲುಗುತ್ತಿದ್ದಾಗ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಐದು ವರ್ಷದೊಳಗೆ ಅದು ಅಂಗಡಿಗೆ ಬಂದದ್ದು ರೇಡಿಯೊ ಆಗಿ ಅಲ್ಲ, ಶ್ರವಣಯಂತ್ರವಾಗಿ. ಗ್ರಹಾಂ ಬೆಲ್ ಅವರ ನೆನಪಿಗಾಗಿ ಶ್ರವಣಯಂತ್ರ ತಯಾರಕರಿಂದ ಆ ಸಂಸ್ಥೆ ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಯಂತ್ರ ಅಂಗಿಯ ಜೇಬಿಗೆ ಬಂತು. ಜೇಬಿನಲ್ಲಿ ಚಿಕ್ಕ ಡಬ್ಬಿ, ಅದರಿಂದ ಕಿವಿಗೆ ಒಂದು ವಾಯರು. ನಮ್ಮ ದೇಶದ ಹಿರಿಯರಲ್ಲಿ ಅನೇಕರಿಗೆ ಪರಿಚಯವಾದದ್ದು ಈ ರೂಪ. ಅದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತಿತ್ತು. ಅಂಗಿ ಉಜ್ಜಿದರೂ ಸದ್ದು, ಪಾತ್ರೆ ಬಿದ್ದರೆ ಗುಂಡು ಹಾರಿದಂತೆ. 1990ರ ದಶಕದ ನಡುವಿನಲ್ಲಿ ಪೂರ್ಣ ಡಿಜಿಟಲ್ ಯಂತ್ರಗಳು ಬಂದ ಮೇಲೆ ಯಾವ ಸ್ವರವನ್ನು ಎಷ್ಟು ಏರಿಸಬೇಕು ಎಂದು ಒಬ್ಬೊಬ್ಬರ ಕಿವಿಗೆ ಬೇರೆಬೇರೆಯಾಗಿ ಹೊಂದಿಸಲು ಸಾಧ್ಯವಾಯಿತು.

ಯಾಕೆ ಹಾಗೆ ಹೊಂದಿಸಬೇಕು? ನಮ್ಮ ಮನೆಯ ಹಿರಿಯರು ಹೇಳುವ ಒಂದು ಮಾತಿನಲ್ಲೇ ಉತ್ತರ ಇದೆ: "ಕೇಳಸ್ತದ, ಖರೆ ತಿಳಿಯಂಗಿಲ್ಲ." ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿದ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು. ಸದ್ದಿನ ಅಲೆ ಈ ಕೋಶಗಳನ್ನು ಅಲುಗಿಸಿದಾಗ ನರಕ್ಕೆ ಸಂಕೇತ ಹೋಗುತ್ತದೆ. ಚಿಪ್ಪಿನ ಬಾಯಿಯ ಕಡೆ ಇರುವ ಕೋಶಗಳು ತೀಕ್ಷ್ಣ ಸ್ವರಗಳಿಗೆ, ಒಳತುದಿಯವು ಗಡಸು ಸ್ವರಗಳಿಗೆ. ಅಲೆಯ ಈ ನಡಿಗೆಯನ್ನು ಕಂಡುಹಿಡಿದದ್ದಕ್ಕೆ ಗಿಯಾರ್ಗ್ ಫಾನ್ ಬೆಕೆಶಿ ಅವರಿಗೆ 1961ರ ನೊಬೆಲ್ ಬಂತು. ವಯಸ್ಸಾದಾಗ, ಜೋರು ಸದ್ದಿಗೆ ಸಿಕ್ಕಾಗ, ಮೊದಲು ಸಾಯುವುದು ತೀಕ್ಷ್ಣ ಸ್ವರದ ಕೋಶಗಳು. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಈಗ ಕನ್ನಡಕ್ಕೆ ಬನ್ನಿ. ಆ, ಓ, ಊ ಮುಂತಾದ ಸ್ವರಾಕ್ಷರಗಳಲ್ಲಿ ಬಲ ಹೆಚ್ಚು, ಅವು ಕೆಳಗಿನ ಸ್ಥಾಯಿಯವು. ಸ, ಶ, ಚ, ತ, ಕ ಇವುಗಳ ಗುರುತು ಇರುವುದು ತೆಳ್ಳನೆಯ ತೀಕ್ಷ್ಣ ಸದ್ದಿನಲ್ಲಿ. ಹೀಗಾಗಿ ಅಜ್ಜಿಗೆ ನಿಮ್ಮ ದನಿ ಕೇಳಿಸುತ್ತದೆ, ಆದರೆ "ಹಾಸು" ಅಂದಿರೋ "ಹಾಕು" ಅಂದಿರೋ ಗೊತ್ತಾಗುವುದಿಲ್ಲ. ಮತ್ತಷ್ಟು ಚೀರಿದರೆ ಸ್ವರಾಕ್ಷರವೇ ಜೋರಾಗುತ್ತದೆ ಹೊರತು ವ್ಯಂಜನ ಸ್ಪಷ್ಟವಾಗುವುದಿಲ್ಲ. ಎದುರು ನಿಂತು, ಬೆಳಕಿನಲ್ಲಿ ಮುಖ ಕಾಣುವಂತೆ, ಸ್ವಲ್ಪ ನಿಧಾನ ಹೇಳಿದರೆ ಯಂತ್ರವಿಲ್ಲದೆಯೂ ಅರ್ಧ ಕೆಲಸ ಆಗುತ್ತದೆ.

ಎಲ್ಲ ಕಿವುಡುತನ ಒಳಗಿವಿಯದಲ್ಲ. ಗುಗ್ಗೆ ಗಟ್ಟಿಯಾಗಿರಬಹುದು, ತಮಟೆ ಹರಿದಿರಬಹುದು, ಕಿವಿ ಸೋರುತ್ತಿರಬಹುದು. ಇವುಗಳಲ್ಲಿ ಬಹಳಷ್ಟನ್ನು ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಪಡಿಸಬಹುದು. ಕಾದ ಎಣ್ಣೆ, ಎಲೆಯ ರಸ, ಸೂಜಿ, ಬೆಂಕಿಕಡ್ಡಿ ಇವು ಕಿವಿಯೊಳಗೆ ಹೋಗಬೇಕಾದ ವಸ್ತುಗಳಲ್ಲ. ಕ್ಷಯರೋಗಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದಿನ ಗುಂಪಿನ ಕೆಲವು ಔಷಧಿಗಳೂ ಒಳಗಿವಿಗೆ ಪೆಟ್ಟು ಕೊಡಬಲ್ಲವು. ಜೀವ ಉಳಿಸಿದ ಮದ್ದು ಕಿವಿ ಕೇಳಿದ್ದೂ ಇದೆ. ಬಸುರಿಯಲ್ಲಿ ರುಬೆಲ್ಲಾ ಬಂದರೆ ಮಗು ಕಿವುಡಾಗಬಹುದು ಎಂಬುದು 1940ರ ದಶಕದಲ್ಲಿ ಆಸ್ಟ್ರೇಲಿಯಾದ ವೈದ್ಯರಿಂದ ತಿಳಿಯಿತು. ಅದರ ಲಸಿಕೆಯ ದೊಡ್ಡ ಅಭಿಯಾನ ನಮ್ಮ ದೇಶದಲ್ಲಿ ಶುರುವಾದದ್ದು 2017ರ ಫೆಬ್ರವರಿಯಲ್ಲಿ, ಬೆಂಗಳೂರಿನಿಂದ. ಮಹಾರಾಷ್ಟ್ರಕ್ಕೆ ಬಂದದ್ದು ಮರುವರ್ಷ. ಇನ್ನೊಂದು ಕಾರಣ ನಮ್ಮ ಮನೆಗಳೊಳಗೇ ಇದೆ: ಸೋದರಮಾವನಿಗೆ, ಅತ್ತೆಯ ಮಗನಿಗೆ ಹುಡುಗಿಯನ್ನು ಕೊಡುವುದು. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಏರುತ್ತದೆ. ಮದುವೆಯ ಮಾತುಕತೆಯಲ್ಲಿ ಹೊಲ, ಬಂಗಾರ ಎಲ್ಲ ಬರುತ್ತದೆ, ಇದು ಬರುವುದಿಲ್ಲ.

ಯುವಕರಿಗೆ ಒಂದು ಲೆಕ್ಕ ಹೇಳಿಬಿಡುತ್ತೇನೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್ ದಾಟುವ ಡಿಜೆಯ ಮುಂದೆ ಆ ಮಿತಿ ಕಾಲು ತಾಸೂ ಇಲ್ಲ. ಮದುವೆಯ ಮೆರವಣಿಗೆಗೂ ಲೆಕ್ಕ ಒಂದೇ, ನಮ್ಮ ಹಬ್ಬದ ಮೆರವಣಿಗೆಗೂ ಒಂದೇ.

ಮೈಸೂರಿಗೆ ಮತ್ತೆ ಹೋಗೋಣ. 1965ರಲ್ಲಿ ಮಹಾರಾಜರು ಕೊಟ್ಟ ಜಾಗದಲ್ಲಿ, ಮಾನಸಗಂಗೋತ್ರಿಯ ಹತ್ತಿರ, ಇಂದಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಕಿವಿ ಪರೀಕ್ಷೆ, ಮಾತಿನ ಚಿಕಿತ್ಸೆ ಎಂಬ ವಿದ್ಯೆಯೇ ದೇಶಕ್ಕೆ ಹೊಸದು. ಅಲ್ಲಿ ನಿರ್ದೇಶಕರಾಗಿದ್ದ ನ. ರತ್ನ ಕನ್ನಡದ ನಾಟಕಕಾರರೂ ಹೌದು. ಮಾತಿನ ವಿಜ್ಞಾನ ಬಲ್ಲವರು ರಂಗದ ಮೇಲಿನ ಮಾತನ್ನೂ ಬಲ್ಲವರಾಗಿದ್ದರು. ಅಲ್ಲಿ ಆದ ಒಂದು ಕೆಲಸಕ್ಕೆ ಹೆಚ್ಚು ಪ್ರಚಾರವಿಲ್ಲ: ಕನ್ನಡದ ಪದಪಟ್ಟಿಗಳು. ಕಿವಿ ಪರೀಕ್ಷೆಯಲ್ಲಿ ಮೊದಲು ಪೀಪಿಯಂಥ ಸದ್ದು ಕೇಳಿಸಿ ಗ್ರಾಫು ತೆಗೆಯುತ್ತಾರೆ. ಆಮೇಲೆ ಪದಗಳನ್ನು ಹೇಳಿ, ತಿರುಗಿ ಹೇಳಿರಿ ಎನ್ನುತ್ತಾರೆ. ಆ ಪದಗಳಲ್ಲಿ ಭಾಷೆಯ ಧ್ವನಿಗಳು ಬರಬೇಕಾದ ಪ್ರಮಾಣದಲ್ಲಿ ಇರಬೇಕು. ಇಂಗ್ಲಿಷಿನ ಪಟ್ಟಿ ಕನ್ನಡಿಗನಿಗೆ ಆಗದು, ಮರಾಠಿಯ ಪಟ್ಟಿಯೂ ಆಗದು.

ಇನ್ನೊಂದು ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೈಸೂರಿನಲ್ಲಿ ಕಿವುಡ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂತು ಕಲಿಯುವ ಶಾಲೆಗಳು ಬೆಳೆದವು. ದೂರದ ಜಿಲ್ಲೆಗಳಿಂದ ತಾಯಂದಿರು ಗಂಡನನ್ನು, ಹೊಲಮನೆಯನ್ನು ಬಿಟ್ಟು ಬಂದು, ಬಾಡಿಗೆ ಕೋಣೆ ಹಿಡಿದು, ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ. ಯಂತ್ರ ಹಾಕಿದ ದಿನ ಮಗುವಿಗೆ ಸಿಗುವುದು ಸದ್ದು ಮಾತ್ರ. ಆ ಸದ್ದು "ನೀರು" ಎಂಬ ಮಾತಾಗಬೇಕಾದರೆ ಯಾರೋ ಸಾವಿರ ಸಲ ನೀರು ತೋರಿಸಿ, ನೀರು ಕುಡಿಸಿ, ನೀರು ಚೆಲ್ಲಿ, ನೀರು ಎನ್ನಬೇಕು. ವಾರಕ್ಕೆ ಎರಡು ತಾಸು ಸಿಗುವ ತಜ್ಞರಿಂದ ಅದು ಆಗುವ ಕೆಲಸವಲ್ಲ. ಆ ಸಾವಿರ ಸಲ ಹೇಳುವವಳು ತಾಯಿ, ಹೇಳುವುದು ಅವಳ ಬಾಯಿಗೆ ತಾನಾಗಿ ಬರುವ ಭಾಷೆಯಲ್ಲಿ.

ಮುಂಬಯಿಯಲ್ಲಿ ಕೇಂದ್ರ ಸರ್ಕಾರ ಇಂಥದೇ ರಾಷ್ಟ್ರೀಯ ಸಂಸ್ಥೆಯನ್ನು 1983ರಲ್ಲಿ ಬಾಂದ್ರಾದಲ್ಲಿ ತೆರೆಯಿತು. ಅದಕ್ಕೆ ಅಲಿ ಯಾವರ್ ಜಂಗ್ ಅವರ ಹೆಸರು. ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ಅವರು ಅದಕ್ಕೂ ಮುಂಚೆ ನಿಜಾಮರ ಸರ್ಕಾರದಲ್ಲಿ ಇದ್ದವರು, ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ನಮ್ಮ ಹಳೆಯ ಸಂಸ್ಥಾನದ ಮನುಷ್ಯನ ಹೆಸರು ಮುಂಬಯಿಯ ಕಿವಿಯ ಸಂಸ್ಥೆಗೆ! ಕಾಗದದ ಪ್ರಕಾರ ಔರಾದ ಶಹಾಜನಿಯವರಿಗೆ ಹತ್ತಿರದ್ದು ಮಹಾರಾಷ್ಟ್ರದ ವ್ಯವಸ್ಥೆ, ಅಲ್ಲಿ ನಡೆಯುವುದು ಮರಾಠಿ, ಹಿಂದಿ. ಕನ್ನಡದ ಪದಪಟ್ಟಿ ಇರುವುದು ಕರ್ನಾಟಕದ ಕಡೆ. 1956ರ ಗೆರೆ ಆಸ್ಪತ್ರೆಯ ಕೋಣೆಯೊಳಗೂ ಬರುತ್ತದೆ. ಮರಾಠಿ ಶಾಲೆಗೆ ಹೋಗುವವನಿಗೆ ಮನೆಯಲ್ಲೂ ಮರಾಠಿಯನ್ನೇ ಆಡಿ ಎಂದು ಒಳ್ಳೆಯ ಮನಸ್ಸಿನಿಂದ ಸಲಹೆ ಕೊಡುವವರಿದ್ದಾರೆ. ಮರಾಠಿ ಸರಿಯಾಗಿ ಬಾರದ ತಾಯಿ ಆಗ ಮಾತನ್ನೇ ಕಡಿಮೆ ಮಾಡುತ್ತಾಳೆ. ಮಗುವಿಗೆ ನಷ್ಟವಾಗುವುದು ಅಲ್ಲಿ. ಯಂತ್ರ ಸರಿಯಾಗಿ ಹೊಂದಿ ಚೆನ್ನಾಗಿ ಕೇಳಿಸುವ ಮಗುವಿಗೆ ಎರಡು ಭಾಷೆ ಕಲಿಯಲು ಕಿವಿಯೊಂದೇ ಅಡ್ಡಿಯಾಗುವುದಿಲ್ಲ.

ಯಂತ್ರದಿಂದಲೂ ಕೇಳಿಸದಷ್ಟು ಕೋಶಗಳು ಹೋಗಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಇದೆ. 1978ರಲ್ಲಿ ಹಲವು ತಂತಿಗಳ ಇಂಪ್ಲಾಂಟನ್ನು ಅಳವಡಿಸಿದ ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ತಂದೆ ಕಿವಿ ಮಂದವಾದ ಔಷಧ ವ್ಯಾಪಾರಿ. ತಂತಿಯನ್ನು ಸುತ್ತುಸುತ್ತಾದ ಕಾಕ್ಲಿಯಾದೊಳಗೆ ತೂರಿಸುವ ಬಗೆ ಅವರಿಗೆ ಹೊಳೆದದ್ದು ಸಮುದ್ರದಂಡೆಯಲ್ಲಿ, ಶಂಖದೊಳಗೆ ಹುಲ್ಲಿನ ಎಸಳು ತೂರಿಸುತ್ತಿದ್ದಾಗ. ನಮ್ಮಲ್ಲಿ ಎಡಿಐಪಿ ಯೋಜನೆಯಡಿ ಬಡವರಿಗೆ ಶ್ರವಣಯಂತ್ರ 1981ರಿಂದ ಸಿಗುತ್ತಿದೆ, ಈಗ ಸಣ್ಣ ಮಕ್ಕಳಿಗೆ ಇಂಪ್ಲಾಂಟೂ ಸಿಗುತ್ತದೆ. ಸಮಯ ಮುಖ್ಯ. ಹುಟ್ಟಿದ ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಯಂತ್ರ ಎಂಬುದು ವೈದ್ಯರ ಗುರಿ. "ನಮ್ಮ ಮನೆತನದಾಗ ಗಂಡಹುಡುಗರಿಗೆ ಮಾತು ತಡಾನೇ" ಎಂದು ಕಾಯುತ್ತ ಮೂರು ವರ್ಷ ಕಳೆಯುತ್ತೇವೆ.

ಯಂತ್ರ, ಇಂಪ್ಲಾಂಟ್ ಎರಡೂ ಕೈಗೂಡದವರಿಗೆ, ಕೈಗೂಡಿದವರಿಗೂ, ಸನ್ನೆಭಾಷೆ ಇದೆ. 1970ರ ದಶಕದಲ್ಲಿ ದೆಹಲಿ, ಕಲ್ಕತ್ತಾ, ಮುಂಬಯಿ, ಬೆಂಗಳೂರಿನ ಕಿವುಡರ ಸನ್ನೆಗಳನ್ನು ಹೋಲಿಸಿ ನೋಡಿದ ಸಂಶೋಧಕರಲ್ಲಿ ಮದನ್ ವಸಿಷ್ಠ ಒಬ್ಬರು, ಸ್ವತಃ ಕಿವುಡರು. ಕೆಲವು ಸನ್ನೆಗಳು ಊರಿನಿಂದ ಊರಿಗೆ ಬೇರೆಯಾದರೂ ಅವು ಒಂದೇ ಕುಟುಂಬದವು ಎಂದು ಅವರಿಗೆ ಕಂಡಿತು. ನಾವು ಕನ್ನಡ, ಮರಾಠಿ ಎಂದು ಜಗಳವಾಡುವ ಗಡಿಯನ್ನು ಅವರ ಕೈಗಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನಾ ಕೇಂದ್ರವಾಯಿತು. 2021ರ ಹೊತ್ತಿಗೆ ಅದರ ನಿಘಂಟಿನಲ್ಲಿ ಹತ್ತು ಸಾವಿರ ಪದ. 2024ರ ಮೇ 2ರಂದು ಕೇರಳದ ತ್ರಿಶೂರಿನಲ್ಲಿ ಹೋಲಿ ಕ್ರಾಸ್ ಸಭೆಯ ಜೋಸೆಫ್ ತೇರ್ಮಡಂ ಗುರುದೀಕ್ಷೆ ಪಡೆದರು, ಭಾರತದ ಮೊದಲ ಕಿವುಡ ಗುರುಗಳು. ಅವರು ಬಲಿಪೂಜೆ ಅರ್ಪಿಸುವುದು ಕೈಸನ್ನೆಯಲ್ಲಿ.

ನಮ್ಮ ದೇವಾಲಯಗಳ ಎತ್ತರದ ಗೋಡೆಗಳಲ್ಲಿ ದನಿ ಗುಂಯ್‌ಗುಡುತ್ತದೆ. ಶ್ರವಣಯಂತ್ರ ಆ ಗುಂಯ್ ಅನ್ನೂ ಸೇರಿಸಿ ಏರಿಸುತ್ತದೆ. ಆದ್ದರಿಂದ ಮಷೀನು ಹಾಕಿದವರಿಗೆ ಮುಂದಿನ ಬೆಂಚು ಬಿಡಿ, ವಾಚನದ ಹಾಳೆಯನ್ನು ಮೊದಲೇ ಕೈಗೆ ಕೊಡಿ. ಹೊಸ ಮಷೀನಿಗೆ ಮಿದುಳು ಒಗ್ಗಲು ಕೆಲವು ವಾರ ಬೇಕು. ಮೊದಲ ದಿನ ತಾಸೆರಡು ತಾಸು, ಮನೆಯೊಳಗೆ, ಒಬ್ಬರ ಜೊತೆ ಮಾತು, ಆಮೇಲೆ ಸಂತೆ. ಸಿಳ್ಳೆ ಹೊಡೆದರೆ ಹೆಚ್ಚಾಗಿ ಕಿವಿಯ ಅಚ್ಚು ಸಡಿಲಾಗಿದೆ ಎಂದರ್ಥ, ಯಂತ್ರ ಕೆಟ್ಟಿದೆ ಎಂದೇ ಅಲ್ಲ. ಪರೀಕ್ಷೆಯಿಲ್ಲದೆ ಮೊಬೈಲಿನಲ್ಲಿ ತರಿಸಿದ ಅಗ್ಗದ ಯಂತ್ರಗಳು ಹಳೆಯ ಜೇಬಿನ ಡಬ್ಬಿಯಂತೆ ಎಲ್ಲವನ್ನೂ ಏರಿಸುತ್ತವೆ, ಉಳಿದ ಕೋಶಗಳಿಗೂ ಕುತ್ತು.

ಪರೀಕ್ಷೆಗೆ ಬೀದರಕ್ಕೆ ಹೋಗಲಿ, ಲಾತೂರಿಗೆ ಹೋಗಲಿ, ಕೊಡುವ ಗ್ರಾಫು ಒಂದೇ ಬಗೆಯದು: ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ ಗುರುತು. ಆ ಹಾಳೆಯನ್ನು ಜೋಪಾನವಾಗಿ ಇಡಿ, ಯಾವ ರಾಜ್ಯದಲ್ಲೂ ಅದು ನಡೆಯುತ್ತದೆ. ಪದ ಹೇಳಿಸುವ ಪರೀಕ್ಷೆಗೆ ಕೂರುವ ಮುನ್ನ ಮಾತ್ರ ಮನೆಯಲ್ಲಿ ಆಡುವ ಮಾತು ಕನ್ನಡ ಎಂದು ಬಾಯಿಬಿಟ್ಟು ಹೇಳಿ, ಫೈಲಿನಲ್ಲಿ ಬರೆಸಿ.